ಮುರಿದು ಉಳಿದ ಮುಳ್ಳು

ಉಳುಕೋ? ವಾತವೋ? ಇಲ್ಲಾ... ಡಾಕ್ಟರು ಅರ್ಧ ಬಾಯಲ್ಲಿ ಹೇಳಿದ ಆ ಮೂಳೆಯ ಟಿಬಿಯೋ?

ಆದೋನಿಯ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾಗಜ್ಯೋತಿ ತನ್ನ ಬಲಗೈಯ ನಡುಬೆರಳನ್ನೇ ನೋಡುತ್ತಿದ್ದಳು. ನಾಲ್ಕು ತಿಂಗಳಿಂದ ಊದುತ್ತದೆ, ಇಳಿಯುತ್ತದೆ, ಮತ್ತೆ ಊದುತ್ತದೆ. ಮೂವರು ಡಾಕ್ಟರು, ಮೂರು ಮಾತು. ಎಕ್ಸ್‌ರೇಯಲ್ಲಿ ಏನೂ ಇಲ್ಲ! ಇವತ್ತು ಟಿಬಿ ಗುಳಿಗೆ ಶುರುವಾಗಬೇಕು.

ಕತ್ತರಿ ಹಿಡಿಯಲಾಗದ ದರ್ಜಿ ಯಾಕೆ ಬೇಕು ಊರಿಗೆ? ರವಿಕೆ ಬಟ್ಟೆಗಳೆಲ್ಲ ಆಗಲೇ ಕೌತಾಳಂನ ಬೇರೆ ದರ್ಜಿಯ ದಾರಿ ಹಿಡಿದಿದ್ದವು.

ಮತ್ತೆ ಅವನು... ದಿನಾ ಅಂಗಡಿ ಮುಂದೆಯೇ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಗಾದಿಲಿಂಗ, ಟಿಬಿ ಎಂಬ ಮಾತು ಊರಲ್ಲಿ ಹಬ್ಬಿದ ವಾರದಿಂದಲೇ ಕಾಣೆ!

"ಜ್ಯೋತಿ, ಬೆರಳು ತೋರ್ಸು."

ಅವಳು ಬೆಚ್ಚಿ ತಲೆ ಎತ್ತಿದಳು. ಹೆಗಲ ಮೇಲೆ ಕಂಬಳಿ, ಕಾಲ ತುಂಬ ಧೂಳು. ಅವನೇ!

"ದೂರ ನಿಲ್ಲಪ್ಪಾ. ಟಿಬಿ ಅಂತ, ಹತ್ಗಂಡೀತು."

"ನನಗ ಗೊತ್ತಾಗಿದ್ದೇ ನಿನ್ನೆ. ಮೂರು ವಾರದಿಂದ ಮಂತ್ರಾಲಯದ ಕಡೆ ಹೊಳಿ ದಂಡ್ಯಾಗ ಕುರಿ ಮೇಯಿಸ್ತಿದ್ದೆ." ಅವನು ಉಸಿರು ಎಳೆದುಕೊಂಡ. "ನಾಕು ತಿಂಗಳ ಹಿಂದ ನಿಮ್ಮ ಹಿತ್ತಲ ಬೇಲ್ಯಾಗಿಂದ ನನ್ನ ಮರಿ ನೀ ಬಿಡಿಸಿದ್ಯಲ್ಲ, ಜಾಲಿ ಮುಳ್ಳು ಚುಚ್ಚಿದ್ದು ಇದಕ್ಕೇ ಹೌದಿಲ್ಲೋ?"

"ಅವತ್ತೇ ಕಿತ್ತು ಒಗದೆ."

"ಪೂರ್ತಿ ಬಂತಾ?"

ನಾಗಜ್ಯೋತಿ ಬೆರಳನ್ನು ತಿರುಗಿಸಿ ನೋಡಿದಳು. ಅದನ್ನು ಯಾರೂ ಕೇಳಿರಲಿಲ್ಲ. ಅವಳೂ ಯಾರಿಗೂ ಹೇಳಿರಲಿಲ್ಲ.

ಒಳಗೆ ಅವನ ಮುಳ್ಳಿನ ಮಾತು ಕೇಳಿ ಡಾಕ್ಟರ್ ಹೇಮಾವತಿ ಕನ್ನಡಕದ ಮೇಲಿಂದ ನೋಡಿ ನಕ್ಕರು. "ಏನಯ್ಯಾ, ನೀನು ಕುರಿ ಡಾಕ್ಟ್ರಾ?"

"ಹೂಂ ಮೇಡಂ. ಕುರಿ ಕಾಲಾಗ ಮುಳ್ಳಿನ ತುದಿ ಉಳಿದ್ರ ಹಿಂಗ ಆಗ್ತೈತ್ರಿ. ಊದ್ತೈತಿ, ಇಳೀತೈತಿ. ಬೇಕಾದ್ರ ಬೈಯ್ರಿ, ಆದ್ರ ಒಂದ್ಸಲ ನೋಡ್ರಿ."

ಡಾಕ್ಟರ ನಗು ನಿಂತಿತು. "ಮುಳ್ಳು ಎಕ್ಸ್‌ರೇಲಿ ಕಾಣಲ್ಲ..." ಎಂದು ಗೊಣಗಿ ಸ್ಕ್ಯಾನಿಗೆ ಬರೆದರು.

ಒಂದು ಗಂಟೆ. ನಾಗಜ್ಯೋತಿಗೆ ಅದು ನಾಲ್ಕು ತಿಂಗಳಿಗಿಂತ ಉದ್ದ!

ಪರದೆಯ ಮೇಲೆ ಕೀಲಿನ ಪಕ್ಕದಲ್ಲೇ ಒಂದು ಸಣ್ಣ ಗೀರು. ಮಧ್ಯಾಹ್ನ ಬೆರಳು ಕೊಯ್ದಾಗ ಅದು ಹೊರಬಂತು. ಅಕ್ಕಿಕಾಳಿನಷ್ಟು ಕಪ್ಪು ತುದಿ, ಅಷ್ಟೇ.

"ಟಿಬಿ ಅಲ್ಲಮ್ಮ. ನಿಧಾನಕ್ಕೆ ಬೆರಳು ಮೊದಲಿನಂತೆ ಮಡಚುತ್ತೆ," ಎಂದರು ಡಾಕ್ಟರು.

ಹೊರಗೆ ಬಂದಾಗ ಅವನು ಗೋಡೆಗೊರಗಿ ನಿಂತಿದ್ದ. ಪಟ್ಟಿ ಕಟ್ಟಿದ ಕೈಯನ್ನು ಕಂಡು ಅವನ ಕಣ್ಣು ತುಂಬಿದವು.

"ಟಿಬಿನೇ ಆಗಿದ್ರ?" ಅವಳು ಮೆಲ್ಲಗೆ ಕೇಳಿದಳು.

"ದಿನಾ ನಾನ ಗುಳಿಗಿ ನುಂಗಿಸ್ತಿದ್ದೆ."

"ನೀ ಯಾರು ನುಂಗಿಸಾಕ?"

"ಗಂಡ..." ಅವನು ತಲೆ ತಗ್ಗಿಸಿದ. "ನೀ ಹೂಂ ಅಂದ್ರ."

ಅವಳು ಎಡಗೈಯಿಂದ ಅವನ ಕಂಬಳಿಯ ಅಂಚು ಹಿಡಿದಳು. "ಹೂಂ. ಆದ್ರ ನಿನ್ನ ಮರಿಗೆ ಹೇಳು, ಇನ್ನೊಮ್ಮೆ ಬೇಲಿಗೆ ನುಗ್ಗಬ್ಯಾಡ ಅಂತ."

"ನುಗ್ಗಂಗಿಲ್ಲ ಬಿಡು," ಎಂದ ಅವನು, ಅವಳ ಮುಖ ನೋಡದೆ.

ಮರಿ ತಾನಾಗಿ ನುಗ್ಗಿರಲಿಲ್ಲ. ಅವಳು ಹೊರಗೆ ಬರಲಿ, ಒಂದು ಮಾತಾಡಲಿ ಎಂದು ಅದನ್ನು ಬೇಲಿಯೊಳಗೆ ಬಿಟ್ಟವನು ಗಾದಿಲಿಂಗನೇ. ಅದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.