ಕೆಸರಿಗೆ ಹತ್ತಿಸಿದ ದೋಣಿ

"ಏಯ್! ಕಣ್ಣು ಕಿತ್ತು ಜೇಬಲ್ಲಿಟ್ಕೊಂಡಿದ್ದೀಯಾ?"

ಅವಳೆಸೆದ ಕೆಸರಿನ ಉಂಡೆ ಗಸ್ತು ದೋಣಿಯ ಗಾಜಿಗೆ ಅಪ್ಪಳಿಸಿತು. ಒಳಗಿದ್ದ ಚಾಲಕ ಗಾಬರಿಯಿಂದ ಎದ್ದು ನಿಂತ.

ಅವನ ಕಣ್ಣೆದುರೇ ಲಾರಿಯೊಂದು ದಂಡೆಯ ಉಪ್ಪುಕೆಸರಲ್ಲಿ ಅವಳು ನೆಟ್ಟ ಕಾಂಡ್ಲಾ (ಮ್ಯಾಂಗ್ರೋವ್) ಸಸಿಗಳ ಮೇಲೆ ಮಣ್ಣು ಸುರಿದು ಹೋಗಿತ್ತು. ಅವಳು ಕೆಲಸ ಮಾಡುವ ನರ್ಸರಿಯಲ್ಲಿ ಮಕ್ಕಳಂತೆ ಸಾಕಿದ ಸಸಿಗಳು! ಆ ಬೇರುಗಳ ನಡುವೆ ಮೀನುಮರಿ ಬೆಳೆದರೇ ಸಮುದ್ರಕ್ಕೆ ಮೀನು.

"ಅದು ನೆಲ ಮೇಡಂ. ನನ್ನ ಅಧಿಕಾರ ನೀರಲ್ಲಿ ಮಾತ್ರ."

"ನೆಲದ ಆಫೀಸಲ್ಲಿ ಕೇಳಿದ್ರೆ, ಉಬ್ಬರದ ನೀರು ಬರೋ ಜಾಗ, ನಮ್ಮದಲ್ಲ ಅಂತಾರೆ! ಹಾಗಾದ್ರೆ ಇದು ಯಾರಪ್ಪಂದು? ಮಣ್ಣು ಸುರಿಸೋ ಆ ಕಂಟ್ರಾಕ್ಟರಪ್ಪಂದಾ?"

ಸಂಬಳ ತೆಗೆದುಕೊಳ್ಳುವಾಗ ಮಾತ್ರ ಎರಡೂ ಆಫೀಸಿಗೆ ಗಡಿಯ ಗೊಂದಲವಿಲ್ಲ, ನೋಡಿ! ಅವನು ತಲೆ ತಗ್ಗಿಸಿದ. ತಗ್ಗಿಸಿದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಆದರೂ ಮುಂದಿನ ತಿಂಗಳುಗಳಲ್ಲಿ, ಆ ಜಾಗ ಕಾಪಾಡಲು ಎರಡು ಆಫೀಸು, ಮೀನುಗಾರರ ಸಂಘ, ನರ್ಸರಿ ಎಲ್ಲ ಸೇರಿ ಜಂಟಿ ಸಮಿತಿ ಆಗುವಂತೆ ಚಪ್ಪಲಿ ಸವೆಸಿದ್ದು ಇವರಿಬ್ಬರೇ. ಡ್ಯೂಟಿ ಮುಗಿಸಿ ಅವನೂ ಕೆಸರಿಗಿಳಿದು ಸಸಿ ನೆಡುತ್ತಿದ್ದ, ಅದೂ ಸೊಟ್ಟಗೆ. ಅವಳು ಬೈಯುತ್ತಲೇ ನೆಟ್ಟಗೆ ಮಾಡುತ್ತಿದ್ದಳು. 'ಸಿಡುಕಿ' ಎಂದು ಹೆಸರಿಟ್ಟ. ಅವಳಿಗೆ ಕೋಪ ಬರಲಿಲ್ಲ... ಅದೇ ಅವಳಿಗೆ ಭಯ ಹುಟ್ಟಿಸಿತು.

ಸಮಿತಿ ಜಾಗ ನೋಡಲು ಬರುವ ಹಿಂದಿನ ದಿನ, ಮೀನು ಮಾರುವ ಸೋದರತ್ತೆ ಬುಟ್ಟಿ ಇಳಿಸಿದಳು.

"ನಿನ್ನ ದೋಣಿಯವನು ಕಂಟ್ರಾಕ್ಟರ್ ಜೊತೆ ಟೀ ಕುಡೀತಾ ಹಲ್ಲು ಕಿರೀತಿದ್ದ ಕಣೇ."

ಅವಳು ಅವನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್!

'ಬೇಲೀನೇ ಎದ್ದು ಹೊಲ ಮೇಯ್ತಾ? ಛೀ... ನಾನೆಂಥ ದಡ್ಡಿ!'

ಮರುದಿನ ಬೆಳಿಗ್ಗೆ ನೀರಿಳಿಯುತ್ತಲೇ ಲಾರಿಗಳ ಸದ್ದು. ಸಮಿತಿ ಬರುವ ಮೊದಲು ಉಳಿದ ಸಸಿಗಳೂ ಹೂತುಹೋದರೆ ಅದು ಬರೀ ಖಾಲಿ ಜಾಗ. ಖಾಲಿ ಜಾಗವನ್ನು ಯಾರು ಕಾಪಾಡುತ್ತಾರೆ? ಅವಳು ಗುದ್ದಲಿ ಹಿಡಿದೇ ಓಡಿದಳು.

ಲಾರಿಗಳು ಸಾಲಾಗಿ ನಿಂತಿದ್ದವು. ಅವುಗಳ ದಾರಿಗೆ ಅಡ್ಡವಾಗಿ, ಕೆಸರಲ್ಲಿ, ಗಸ್ತು ದೋಣಿ ಮಗ್ಗುಲಾಗಿ ಮಲಗಿತ್ತು! ಮೇಲೆ ಅವನು ಕೂತಿದ್ದ. ಕೆಳಗೆ ಕಂಟ್ರಾಕ್ಟರ್ ಕೂಗಾಡುತ್ತಿದ್ದ.

"ಸರ್ಕಾರಿ ದೋಣಿ ಸ್ವಾಮಿ. ಮುಟ್ಟಿ ನೋಡಿ, ಕೇಸ್ ಆಗುತ್ತೆ."

ಅವಳ ಕೈಯಿಂದ ಗುದ್ದಲಿ ಜಾರಿತು.

"ನೀನೇ ಬೇಕಂತ ಹತ್ತಿಸಿದ್ಯಾ?"

"ಉಬ್ಬರದಲ್ಲಿ ತಂದು ನಿಲ್ಲಿಸಿದೆ, ನೀರಿಳೀತು. ಲಾರಿ ಯಾವಾಗ ಬರುತ್ತೆ ಅಂತ ಬಾಯಿ ಬಿಡಿಸೋಕೆ ಆ ದರಿದ್ರ ಟೀ ಕುಡಿದೆ."

"ನನಗೆ ಹೇಳೋಕೇನಾಗಿತ್ತು? ರಾತ್ರಿಯೆಲ್ಲಾ ನಿನ್ನ ಬೈದಿದ್ದೀನಿ!"

"ಹೇಳಿದ್ರೆ ನೀನೂ ದೋಣಿ ಹತ್ತುತ್ತಿದ್ದೆ. ಸಸ್ಪೆಂಡ್ ಆಗೋಕೆ ನಾನೊಬ್ಬ ಸಾಕು ಅನ್ನಿಸ್ತು."

ಅವಳ ಕಣ್ಣು ತುಂಬಿತು. ಮೈಯೆಲ್ಲಾ ಉರಿಯಿತು.

"ಮಣ್ಣು ಸುರಿದವನು ಆರಾಮಾಗಿರ್ತಾನೆ, ಕೆಲಸ ಹೋಗೋದು ನಿನ್ನದಾ? ಇದ್ಯಾವ ಸೀಮೆ ನ್ಯಾಯ!"

ಅವಳು ಕೆಸರುಗಾಲಲ್ಲೇ ದೋಣಿ ಹತ್ತಿ ಅವನ ಪಕ್ಕ ಕೂತಳು.

"ಇಳೀರಿ ಇಬ್ರೂ! ಇದೇನು ನಿಮ್ಮಪ್ಪನ ಜಾಗಾನಾ?" ಕಂಟ್ರಾಕ್ಟರ್ ಅರಚಿದ.

"ನೆಲದವರೂ ಬೇಡ ಅಂದ್ರು, ನೀರಿನವರೂ ಬೇಡ ಅಂದ್ರು. ಅದಕ್ಕೇ ನಾವಿಬ್ರು ಇಟ್ಕೊಂಡ್ವಿ!" ಅವಳೂ ಅರಚಿದಳು.

ಅಷ್ಟರಲ್ಲಿ ದಂಡೆಯ ಮೇಲೆ ಸಮಿತಿಯ ಜೀಪು ಬಂದು ನಿಂತಿತು. ಉಳಿದ ಸಸಿಗಳು ಹಸಿರಾಗಿ ನಿಂತೇ ಇದ್ದವು, ಕೆಲವು ಸೊಟ್ಟಗೆ.

"ಸಿಡುಕಿ... ನೀರು ಬರೋವರೆಗೂ ಈ ದೋಣಿ ಅಲುಗಾಡಲ್ಲ. ಅಲ್ಲೀವರೆಗೂ ಜೊತೆಗಿರ್ತೀಯಾ?"

ಅವಳು ಅವನ ಕೈ ಹಿಡಿದಳು.

"ನೀರು ಬಂದ ಮೇಲೂ ಇರ್ತೀನಿ ಕಣೋ. ಒಂದು ಸಸೀನೂ ನೆಟ್ಟಗೆ ನೆಡೋಕೆ ಬರಲ್ಲ ನಿನಗೆ!"