ಲಾರಿಯ ಹಿಂದಿನ ಕಲ್ಲುಗಳು

ಫೋಟೋದಲ್ಲಿ ಕಲ್ಲುಗಳಿದ್ದವು. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯ ಹಿಂದೆ, ಎಚ್ಚರಿಕೆಗೆಂದು ಸಾಲಾಗಿ ಇಟ್ಟ ದಪ್ಪ ಕಲ್ಲುಗಳು.

"ನೋಡಿ ಅಮ್ಮಾ," ಎಂದರು ವಿಮಾ ಕಚೇರಿಯ ಅಧಿಕಾರಿ. "ಲಾರಿಯವನು ಕಲ್ಲಿಟ್ಟಿದ್ದಾನೆ. ನಿಮ್ಮ ಯಜಮಾನರೇ ನೋಡದೆ ಗುದ್ದಿದ್ದಾರೆ. ಪರಿಹಾರ ಸಿಗಲ್ಲ."

ಟೈಲರಕ್ಕ ಫೋಟೋವನ್ನು ಹತ್ತಿರಕ್ಕೆ ಎಳೆದುಕೊಂಡಳು. ಬ್ರೆಡ್ ವ್ಯಾನ್ ಓಡಿಸುತ್ತಿದ್ದ ಗಂಡ ಸೊಂಟದಿಂದ ಕೆಳಗೆ ಅಲುಗದೆ ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ. ಬೇಗ ಬೆನ್ನಿನ ಆಪರೇಷನ್ ಆಗದಿದ್ದರೆ ಈ ಜನ್ಮದಲ್ಲಿ ಎದ್ದು ನಿಲ್ಲುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದಾರೆ. ಹೊಲಿಗೆ ಮೆಷಿನ್ನೂ ಮಾರಿಯಾಯಿತು. ಇನ್ನು ಉಳಿದಿದ್ದು ಈ ಪರಿಹಾರ ಒಂದೇ.

"ಕಲ್ಲು ಇರಲೇ ಇಲ್ಲ ಅಂತಾರಲ್ಲಾ ಸಾರ್ ನಮ್ಮೋರು! ಹಿಂದಿನ ಲೈಟೂ ಇರಲಿಲ್ಲವಂತೆ—"

"ಫೋಟೋ ಸುಳ್ಳು ಹೇಳುತ್ತಾ? ಗಾಡಿ ಮುಟ್ಟೋಕೆ ಮುಂಚೆ ಕ್ರೇನಿನವರೇ ತೆಗೆದಿದ್ದು. ಆಮೇಲೆ ಅದು ಮುರಿದ್ರಿ, ಇದು ಮುರಿದ್ರಿ ಅಂತ ಜಗಳ ಬರಬಾರದು ನೋಡಿ. ತಾವು ಬಂದಾಗಲೇ ಕಲ್ಲಿದ್ದವು ಅಂತ ಅವರೇ ಹೇಳಿದ್ದಾರೆ."

ನುಜ್ಜುಗುಜ್ಜಾದ ವ್ಯಾನಿನಿಂದ ಗಂಡನನ್ನು ಎಳೆದು, ಸಿಕ್ಕ ಕಾರಿಗೆ ಹಾಕಿ ಆಸ್ಪತ್ರೆಗೆ ಕಳಿಸಿದ್ದು ಅದೇ ಕ್ರೇನ್ ಅಣ್ಣ. ಆಮೇಲೂ ಹಣ್ಣು ಹಿಡಿದು ನೋಡಲು ಬರುತ್ತಿದ್ದ ಪುಣ್ಯಾತ್ಮ. ಅವನೇಕೆ ಸುಳ್ಳು ಹೇಳಿಯಾನು? ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು?

ಆ ಸಂಜೆ ಅವಳು ಹಾಸಿಗೆಯ ಪಕ್ಕ ಕೂತು ಕೇಳಬಾರದ್ದನ್ನು ಕೇಳಿಬಿಟ್ಟಳು. "ನಿಜ ಹೇಳಿ ರೀ, ನಿದ್ದೆ ಹತ್ತಿತ್ತಾ?"

ಗಂಡ ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ ಊಟವನ್ನೂ ಮುಟ್ಟಲಿಲ್ಲ.

ಪರಿಹಾರದ ಕೇಸು ಹಿಡಿದಿದ್ದ ವಕೀಲರು ಒಬ್ಬ ಪತ್ತೇದಾರಮ್ಮನನ್ನು ಕಳಿಸಿದರು. ಸಿಡುಕಿನ ಹೆಂಗಸು. ಬಾಯಲ್ಲಿ ಸದಾ ಲವಂಗ.

"ಅಳೋದನ್ನ ಆಮೇಲೆ ಇಟ್ಕೊಳ್ಳಿ. ಮೊದಲು ಲಾರಿ ಡ್ರೈವರನ್ನ ನೋಡೋಣ, ನಡೀರಿ."

ಲಾರಿ ಸ್ಟ್ಯಾಂಡಿನಲ್ಲಿ ಡ್ರೈವರು ನೆಲ ನೋಡುತ್ತಾ ನಿಂತ.

"ಕಲ್ಲು ನೀನಿಟ್ಟಿದ್ದಾ?"

"ಹೂಂ ಮೇಡಂ."

"ವ್ಯಾನ್ ಗುದ್ದಿದ ಮೇಲೆ ಏನು ಮಾಡ್ದೆ?"

"ಓಡಿಹೋದೆ. ಜನ ಸೇರಿ ಹೊಡೀತಾರೆ ಅಂತ ಭಯ. ಮಾರನೇ ದಿನ ಸ್ಟೇಷನ್ನಿಗೆ ನಾನೇ ಬಂದೆ."

"ಮಧ್ಯದಲ್ಲಿ ವಾಪಸ್ ಹೋಗಲಿಲ್ವಾ?"

"ಅಯ್ಯೋ, ತಿರುಗಿ ಕೂಡ ನೋಡಲಿಲ್ಲ ಮೇಡಂ!"

ಪತ್ತೇದಾರಮ್ಮ ತಲೆಯಾಡಿಸಿದಳು, ಅಷ್ಟೆ. ಟೈಲರಕ್ಕ ಕುದಿದುಹೋದಳು. ಅವನ ಕೊರಳಪಟ್ಟಿ ಹಿಡಿದು ಕೇಳುವುದು ಬಿಟ್ಟು ಇದೆಂಥ ವಿಚಾರಣೆ!

ಮರುದಿನ ಪತ್ತೇದಾರಮ್ಮ ಕ್ರೇನ್ ಅಣ್ಣನನ್ನು ಆಸ್ಪತ್ರೆಗೆ ಕರೆಸಿದಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ, ವಿಮಾ ಕಚೇರಿಯಿಂದ ದೊಡ್ಡದು ಮಾಡಿಸಿ ತಂದಿದ್ದ ಫೋಟೋಗಳನ್ನು ಹರಡಿದಳು.

"ಅಕ್ಕಾ, ಈ ಕಲ್ಲಿನ ಅಡೀಲಿ ಏನಿದೆ?"

"ಯಾವುದೋ ಕಸ."

"ಕಣ್ಣು ಒರೆಸ್ಕೊಂಡು ನೋಡಿ."

ಟೈಲರಕ್ಕ ಬಗ್ಗಿ ನೋಡಿದಳು. ಕಲ್ಲಿನ ಭಾರಕ್ಕೆ ಚಪ್ಪಟೆಯಾದ ಕೆಂಪು ಪಟ್ಟಿಯ ಕವರು— "ಬ್ರೆಡ್ಡು! ನಮ್ಮೋರ ವ್ಯಾನಿನ ಬ್ರೆಡ್ಡು!"

"ಬ್ರೆಡ್ಡು ರಸ್ತೆಗೆ ಬಿದ್ದಿದ್ದು ಯಾವಾಗ?"

"ವ್ಯಾನ್ ಒಡೆದ ಮೇಲೇ ತಾನೇ..."

"ಹಾಗಾದ್ರೆ ಕಲ್ಲು ಅದರ ಮೇಲೆ ಹೇಗೆ ಕೂತಿತು? ಅಪಘಾತ ಆದ ಮೇಲೆ ಯಾರೋ ಇಟ್ಟಿದ್ದಾರೆ. ಡ್ರೈವರು ಓಡಿಹೋಗಿದ್ದ. ಪೊಲೀಸರು ಇನ್ನೂ ಬಂದಿರಲಿಲ್ಲ."

ಅವಳು ಇನ್ನೊಂದು ಫೋಟೋ ತಳ್ಳಿದಳು. ಲಾರಿಯ ಮುಂಭಾಗ, ನಂಬರ್ ಪ್ಲೇಟು ಕಾಣುವ ಹಾಗೆ ತೆಗೆದದ್ದು. "ಇದನ್ನ ಯಾರೂ ನೋಡೇ ಇಲ್ಲ. ಮುಂದೆಯೂ ಕಲ್ಲಿವೆ. ಇದು ಒಂದೇ ದಿಕ್ಕಿನ ರಸ್ತೆ. ಎದುರಿಂದ ಯಾವ ಗಾಡಿ ಬರುತ್ತೆ? ಕೆಟ್ಟು ನಿಂತ ಲಾರಿಯವನು ಹಿಂದೆ ಮಾತ್ರ ಕಲ್ಲಿಡ್ತಾನೆ. ಸುತ್ತಲೂ ಇಡೋರು ಯಾರು? ಕ್ರೇನಿನವರು. ಸರಪಳಿ ಎಳೀವಾಗ ಬೈಕಿನವರು ಮಧ್ಯ ನುಗ್ಗಬಾರದು ಅಂತ. ಕೈಗೆ ಹತ್ತಿದ ಅಭ್ಯಾಸ. ಅಲ್ವೇನಪ್ಪಾ?"

ಕ್ರೇನ್ ಅಣ್ಣ ತಂದಿದ್ದ ಹಣ್ಣಿನ ಚೀಲವನ್ನು ಬೆಂಚಿನ ಮೇಲಿಟ್ಟ.

"ಕೆಲಸಕ್ಕೆ ಅಂತಲೇ ಇಟ್ಟೆ ಮೇಡಂ. ಆಮೇಲೆ ಲಾರಿ ಮಾಲೀಕ ಬಂದ. ಮೊದಲೇ ಇದ್ದವು ಅಂತ ಹೇಳು, ಇಲ್ಲಾಂದ್ರೆ ನಾಳೆಯಿಂದ ನಮ್ಮ ಲಾರಿಗಳಿಗೆ ಬೇರೆ ಕ್ರೇನು ಅಂದ. ನನ್ನ ಮನೆ ನಡೆಯೋದೇ ಅವನ ಲಾರಿಗಳಿಂದ. ಡ್ರೈವರಿಗೂ ಅವನೇ ಹಾಗೆ ಹೇಳಿಕೊಟ್ಟಿದ್ದು."

"ಅಣ್ಣಾ!" ಟೈಲರಕ್ಕ ಕಿರುಚಿದಳು. "ಹಣ್ಣು ಕೊಟ್ಟು ಕಾಲು ಕಿತ್ಕೊಂಡ್ರಲ್ಲಾ! ನಿಮ್ಮನ್ನ ದೇವರು ಅಂದ್ಕೊಂಡಿದ್ದೆನಲ್ಲಾ!"

ಅವಳು ಅವನ ತೋಳು ಹಿಡಿದು ದರದರನೆ ವಾರ್ಡಿನೊಳಗೆ ಎಳೆದೊಯ್ದಳು.

ಹಾಸಿಗೆಯಲ್ಲಿದ್ದವನಿಗೆ ಏನು ಗೊತ್ತು, ಪಾಪ! ಕಷ್ಟಪಟ್ಟು ಎರಡೂ ಕೈ ಜೋಡಿಸಿದ. "ಬನ್ನಿ ಅಣ್ಣಾ. ನೀವಿಲ್ದಿದ್ರೆ ಅವತ್ತೇ ನನ್ನ ಕಥೆ ಮುಗೀತಿತ್ತು."

ಕ್ರೇನ್ ಅಣ್ಣ ಕುಸಿದು ಕೂತ. "ಕೈ ಮುಗೀಬೇಡ ತಮ್ಮಾ. ಆ ಕಲ್ಲು ನಾನಿಟ್ಟಿದ್ದು. ನೀನು ಹೇಳಿದ್ದೇ ನಿಜ. ಕೆಲಸ ಹೋದ್ರೆ ಹೋಗ್ಲಿ, ವಿಮೆಯವರ ಮುಂದೆ, ಕೋರ್ಟಿನಲ್ಲಿ, ಎಲ್ಲಿ ಬೇಕಾದ್ರೂ ಹೇಳ್ತೀನಿ."

"ಈಗಲೇ, ವಕೀಲರ ಹತ್ರ," ಎಂದಳು ಬಾಗಿಲಲ್ಲಿ ನಿಂತ ಪತ್ತೇದಾರಮ್ಮ. "ಹೊರಗೆ ಆಟೋ ಕಾಯ್ತಿದೆ."

ಗಂಡ ಅವರಿಬ್ಬರನ್ನೂ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಿದ್ದ. ಅವಳಿಗೆ ತಲೆ ಎತ್ತಲಾಗಲಿಲ್ಲ.

"ಊರೆಲ್ಲಾ ನಂಬದಿದ್ರೂ ನಾನು ನಂಬಬೇಕಿತ್ತು ರೀ," ಎಂದು ಅವನ ಜಡವಾದ ಕಾಲುಗಳನ್ನು ತಬ್ಬಿ ಅತ್ತಳು. ತಬ್ಬಿದ್ದು ಅವನಿಗೆ ಗೊತ್ತಾಗಲಿಲ್ಲ.