ಅಂಜನಮ್ಮನ ನಾಲ್ಕು ಬೀಜ

1979ರ ಮಾರ್ಚ್ 4, ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತು. ಆರ್.ಟಿ. ನಗರದ ಒಂದು ಮನೆಯ ಕಾಂಪೌಂಡಿನಲ್ಲಿ, ಸ್ವೀಟ್ ಪೀ ಎಂಬ ಹೂಬಳ್ಳಿಗಳ ಮೇಲೆ ಒಂದು ಕಾಯಿಯೂ ಉಳಿದಿರಲಿಲ್ಲ.

ನೀರಿನ ಬಕೆಟ್ ಹಿಡಿದು ಹೊರಬಂದ ಸ್ಕೂಲ್ ಟೀಚರ್ ವಾರಿಜಾ ನಿಂತಲ್ಲೇ ನಿಂತಳು. ಕಾಯಿಗಳೆಲ್ಲ ಬುಟ್ಟಿಯಲ್ಲಿದ್ದವು. ಎಲ್ಲವೂ ಹಸಿರು. ಪಕ್ಕದಲ್ಲಿ ಕತ್ತರಿ ಹಿಡಿದ ಅಪರಿಚಿತ ಯುವಕ.

"ಯಾರ್ರೀ ನೀವು? ಏನ್ ಮಾಡಿದ್ರಿ ಇದು!"

"ಮುನಿಗಂಗಪ್ಪ ಅಂತ, ಪುಟ್ಟೇನಹಳ್ಳಿ ನರ್ಸರಿಯವನು. ಊವು ಕಮ್ಮಿ ಆಗವೆ, ಬಂದು ನೋಡು ಅಂದ್ರು ನಿಮ್ಮಪ್ಪ. ಕಾಯಿ ಬಿಟ್ರೆ ಬಳ್ಳಿ ಊವು ನಿಲ್ಲಿಸ್ಬುಡ್ತದೆ ಟೀಚರಮ್ಮ. ಅದಕ್ಕೇ ಎಲ್ಲಾ ತೆಗ್ದೆ."

ಅವನು ಹೇಳಿದ್ದು ತಪ್ಪಲ್ಲ. ಯಾವ ನರ್ಸರಿಯವನಾದರೂ ಅದನ್ನೇ ಮಾಡುತ್ತಿದ್ದ.

"ಅದು ಬೀಜಕ್ಕೆ ಬಿಟ್ಟಿದ್ದು... ನಮ್ಮಮ್ಮನ ಬೀಜ!"

ತಾಯಿ ಅಂಜನಮ್ಮ ಹದಿಮೂರು ವರ್ಷ ಆ ತಿಳಿನೇರಳೆ ಹೂವಿನ ಬೀಜ ಕಾಪಾಡಿಕೊಂಡು ಬಂದಿದ್ದರು. ಕೇಳಿದವರಿಗೆ ಹೂವು ಕೊಡುತ್ತಿದ್ದರು, ಬೀಜ ಮಾತ್ರ ಯಾರಿಗೂ ಕೊಟ್ಟವರಲ್ಲ. ಹಿಂದಿನ ಜೂನ್‌ನಲ್ಲಿ ತೀರಿಕೊಂಡರು. ಡಬ್ಬಿಯಲ್ಲಿ ಉಳಿದಿದ್ದಷ್ಟನ್ನೂ ವಾರಿಜಾ ಬಿತ್ತಿದ್ದಳು.

'ಇದೊಂದನ್ನೂ ಕಾಪಾಡೋಕಾಗ್ಲಿಲ್ವಲ್ಲ ನನ್ನಿಂದ...'

ಎಳೆ ಕಾಯಿಯ ಬೀಜ ಮೊಳೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಎರಡು ಊವು ಉಳ್ದವೆ. ಅವು ಕಾಯಿ ಕಟ್ಲಿ. ನಾನ್ ನೋಡ್ಕೋತೀನಿ..."

"ಮಾಡಿದ್ದು ಸಾಕು! ಹೋಗಿ ಇಲ್ಲಿಂದ!"

ಅವನು ಹೋದ. ಮರುದಿನ ಬೆಳಿಗ್ಗೆ ಆರಕ್ಕೆ, ಸೈಕಲ್ ಮೇಲೆ ಗೋಣಿಚೀಲ ಹೇರಿಕೊಂಡು ಮತ್ತೆ ಬಂದ. ಚೀಲ ನೆನೆಸಿ ಬಳ್ಳಿಗೆ ನೆರಳು ಕಟ್ಟಿದ. ಆಮೇಲೆ ದಿನವೂ ಬಂದ. ವಾರಿಜಾ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ಒಂದು ಲೋಟ ಕಾಫಿ ತಂದಿಟ್ಟಳು.

"ವಿಷ ಆಕಿಲ್ಲ ತಾನೆ?"

"ಹಾಕೋಣ ಅಂದ್ಕೊಂಡೆ. ಕಾಯಿ ಬಲೀಲಿ ಅಂತ ಬಿಟ್ಟಿದೀನಿ."

ಬಿಸಿಲು ಏರಿ ಹೊಸ ಹೂವು ಬಿಡಲಿಲ್ಲ; ಇದ್ದ ಎರಡರಲ್ಲಿ ಒಂದು ಉದುರಿತು. ಇನ್ನೊಂದು ಕಾಯಿ ಕಟ್ಟಿ, ಏಪ್ರಿಲ್ ಮಧ್ಯದಲ್ಲಿ ಕಂದು ಬಣ್ಣಕ್ಕೆ ತಿರುಗಿತು. ಸಿಡಿಯುವ ಮೊದಲೇ ಕಿತ್ತರು. ನಾಲ್ಕು ಬೀಜ. ಎರಡು ಸುಕ್ಕುಗಟ್ಟಿದ್ದವು.

ಬಿತ್ತನೆಯ ಕಾಲ ಬರುವವರೆಗೂ ಅವನು ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ಅಕ್ಟೋಬರ್ 7ರಂದು ವಾರಿಜಾ ನಾಲ್ಕನ್ನೂ ಒಂದೇ ಕುಂಡದಲ್ಲಿ ಬಿತ್ತಿದಳು. ಇಪ್ಪತ್ತು ದಿನ ಕಾದರೂ ಮಣ್ಣು ಬಿರಿಯಲಿಲ್ಲ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಮುನಿಗಂಗಪ್ಪ ಕಡ್ಡಿಯಿಂದ ಮಣ್ಣು ಸರಿಸಿದ.

ನಾಲ್ಕೂ ಕೊಳೆತಿದ್ದವು.

ವಾರಿಜಾ ಮೆಟ್ಟಿಲ ಮೇಲೆ ಕೂತಳು. 'ಮುಗೀತು. ಅಮ್ಮಂದು ಅಂತ ಇನ್ನೇನೂ ಇಲ್ಲ...' ಅಳುವೂ ಬರಲಿಲ್ಲ.

ಅವನು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದ.

"ಇದೇ ಬಣ್ಣದ ಬೀಜ. ನರ್ಸರೀದು. ವಾರದಿಂದ ಜೇಬಲ್ಲೇ ಐತೆ. ಕುಂಡಕ್ಕೆ ಆಕ್ಬುಟ್ಟಿದ್ರೆ ನಿಮ್ಗೆ ಗೊತ್ತೇ ಆಗ್ತಿರ್ಲಿಲ್ಲ."

ವಾರಿಜಾ ತಲೆಯೆತ್ತಿದಳು.

"...ಯಾಕೆ ಹಾಕ್ಲಿಲ್ಲ?"

"ನೀವು ಅದನ್ನ ನಿಮ್ಮಮ್ಮನ ಊವು ಅಂತ ಮುಡ್ಕೋತೀರ. ನಾನು ಎದುರಿಗೆ ಕೂತ್ಕೊಂಡು ದಿನಾ ನೋಡ್ಬೇಕು... ಎಂಗೆ ನೋಡ್ಲಿ?"

"ದಿನಾ? ಎಷ್ಟು ದಿನ?"

ಅವನು ಕೈಯ ಮಣ್ಣನ್ನೇ ನೋಡುತ್ತಿದ್ದ. "ನೀವು ಊಂ ಅಂದ್ರೆ... ಇರೋವರ್ಗೂ."

ಆಗ ಅಳು ಬಂತು. ತಾಯಿ ಸತ್ತ ಮೇಲೆ ಅವಳು ಹಾಗೆ ಅತ್ತಿರಲಿಲ್ಲ. ಅವನು ಹತ್ತಿರ ಬರಲಿಲ್ಲ, ಹೊರಟೂ ಹೋಗಲಿಲ್ಲ.

"ಅಮ್ಮ ಇದ್ದಿದ್ರೆ ಬೈತಿದ್ಲು ನಿಮ್ಮನ್ನ," ಎಂದಳು ಕೊನೆಗೆ.

"ಬೈಲಿ ಬುಡಿ. ತಪ್ಪು ನಂದೇ."

"ಬೈದು, ಆಮೇಲೆ ಊಟಕ್ಕೆ ಹಾಕ್ತಿದ್ಲು... ಕೈ ತೊಳ್ಕೊಂಡು ಬನ್ನಿ ಒಳಗೆ."

1980ರ ಫೆಬ್ರವರಿ 10ರಂದು ಯಲಹಂಕದಲ್ಲಿ ಅವರ ಮದುವೆಯಾಯಿತು. ಅಂಜನಮ್ಮನ ಹೂವು ಮತ್ತೆ ಅರಳಲಿಲ್ಲ.